ಅಲುಗಾಡದ ಓದುಗರು

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಸೀನು.

ಸೀನಿದವರು ಸಾರ್ವಜನಿಕ ಗ್ರಂಥಾಲಯದ ಸಹಾಯಕ ಗ್ರಂಥಪಾಲಕರು. ಅಪ್ಪ ಅಮ್ಮ ಇಟ್ಟ ಹೆಸರು ಅವರ ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಬೀದಿಗೆಲ್ಲ ಅವರು ಶ್ಶ್ ರಾಯರು. ಓದುವ ಕೋಣೆಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಸಾಕು, ತುಟಿಗೆ ಬೆರಳಿಟ್ಟು "ಶ್ಶ್!" ಎಂದುಬಿಡುತ್ತಿದ್ದರು. ಹೀಗೆ ಜನರ ಬಾಯಿ ಮುಚ್ಚಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು, ಯಾವುದೋ ಹಳೆಯ ಪುಸ್ತಕ ಹುಡುಕಲು ನೆಲಮಾಳಿಗೆಯ ಉಗ್ರಾಣಕ್ಕೆ ಇಳಿದದ್ದೇ ತಪ್ಪಾಯಿತು. ಅಲ್ಲಿನ ದೂಳು ಮೂಗಿಗೆ ಹೊಕ್ಕಿತು. ರಾಯರ ಸೀನು ಒಂಟಿಯಾಗಿ ಬರುವ ಪೈಕಿಯಲ್ಲ. ಒಂದು ಬಂದರೆ ಅದರ ಹಿಂದೆ ಅಣ್ಣತಮ್ಮಂದಿರೆಲ್ಲ ಸಾಲುಗಟ್ಟಿ ಬರುತ್ತಾರೆ. ವಾರವಿಡೀ ಸೀನಿ ಸೀನಿ ಮೂಗು ಟೊಮೇಟೊ ಆಯಿತು. "ಇನ್ನು ಆ ಉಗ್ರಾಣದ ಕಡೆ ತಲೆ ಹಾಕಿಯೂ ಮಲಗಬೇಡಿ" ಎಂದರು ವೈದ್ಯರು.

ಬೇಡ ಅಂದದ್ದೇ ಹಣೆಗೆ ಅಂಟಿಕೊಳ್ಳುವುದು ಲೋಕರೂಢಿ. ಮರುದಿನವೇ ಮುಖ್ಯ ಗ್ರಂಥಪಾಲಕಿ ಮೇಡಂ ಕರೆಸಿದರು.

"ನೋಡಿ ರಾಯರೇ, ಜನ ಗ್ರಂಥಾಲಯಕ್ಕೆ ಬರ್ತಾ ಇಲ್ಲ. ಇನ್ಮೇಲೆ ಗ್ರಂಥಾಲಯವೇ ಜನರ ಮನೆಗೆ ಹೋಗ್ಬೇಕು ಅಂತ ಸಮಿತಿಯವರು ಹೇಳಿದಾರೆ. ಆನ್‌ಲೈನಲ್ಲಿ ಒಂದು ಕಾರ್ಯಕ್ರಮ ಮಾಡಿ."

"ನಾನಾ? ಮೇಡಂ, ನಾಲ್ಕು ಜನರ ಮುಂದೆ ನಿಂತ್ರೆ ನನ್ನ ನಾಲಿಗೆ ಅಂಟಿಕೊಳ್ಳುತ್ತೆ."

"ಹಾಗಾದ್ರೆ ಬಿಡಿ. ಉಗ್ರಾಣ ನೋಡ್ಕೊಳ್ಳೋಕೂ ಒಬ್ಬರು ಬೇಕಾಗಿದಾರೆ."

ರಾಯರಿಗೆ ಅಲ್ಲೇ ಮೂಗಿನಲ್ಲಿ ನವೆಯಾಗತೊಡಗಿತು. ಮನುಷ್ಯನಿಗೆ ಭಯ ಬಂದಾಗ ಬುದ್ಧಿಯೂ ಬರುತ್ತದಂತೆ. "ಮೇಡಂ, ಮೌನ ವಾಚನ ಮಾಡೋಣ! ಎಲ್ಲರೂ ಅವರವರ ಮನೇಲಿ ಕ್ಯಾಮೆರಾ ಮುಂದೆ ಕೂತು ಒಂದು ಗಂಟೆ ಬಾಯಿ ಮುಚ್ಕೊಂಡು ಓದೋದು. ಅಷ್ಟೇ!" ಎಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಆಗಲಿ. ಆದ್ರೆ ಇಪ್ಪತ್ತು ಜನ ಇರ್ಬೇಕು, ಒಬ್ಬರೂ ಮಧ್ಯದಲ್ಲಿ ಎದ್ದು ಹೋಗ್ಬಾರ್ದು. ನಾನೂ ಕೂತು ನೋಡ್ತಾ ಇರ್ತೀನಿ. ತಪ್ಪಿದ್ರೆ ಉಗ್ರಾಣ."

ಇಪ್ಪತ್ತು ಜನ! ಬಿಟ್ಟಿ ಊಟ ಹಾಕಿದರೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂರುವ ಇಪ್ಪತ್ತು ಜನ ಆ ಬೀದಿಯಲ್ಲಿ ಇರಲಿಲ್ಲ. ರಾಯರು ಮನೆಮನೆ ಸುತ್ತಿ ಕೈ ಮುಗಿದರು. ಅವರ ಮನೆಯ ಕೆಳಗೆ ದರ್ಜಿಯ ಅಂಗಡಿ, ಮೇಲೆ ನಿವೃತ್ತ ಪೋಸ್ಟ್‌ಮಾಸ್ಟರ ವಾಸ. ಇಬ್ಬರೂ ಒಪ್ಪಿದರು. ಎದುರಿನ ಬೇಕರಿಯವನು ಒಪ್ಪಿದ. ಬೀದಿಯಾಚೆ ಎದುರುಮನೆಯಲ್ಲಿದ್ದ ಹೆಂಡತಿಯ ಅಕ್ಕ, ಅಕ್ಕನ ಗಂಡ, ಅವರ ಕಡೆಯವರು ಎಲ್ಲರೂ ದಾಕ್ಷಿಣ್ಯಕ್ಕೆ ಬಸಿರಾದರು. ಶನಿವಾರ ಬೆಳಿಗ್ಗೆ ಪ್ರತಿಯೊಬ್ಬರ ಬಳಿಯೂ ಹೋಗಿ ರಾಯರು ಫೋನು ಹಿಡಿದು ಪಾಠ ಮಾಡಿದರು.

"ಇದು ಒತ್ತಿದ್ರೆ ಒಳಗೆ ಬರ್ತೀರಿ. ಇದು ಮೈಕು, ಇದನ್ನ ನಾನೇ ಮುಚ್ತೀನಿ."

"ಈ ಗುಂಡಿ ಯಾತಕ್ಕೆ ರಾಯರೇ?" ಎಂದು ದರ್ಜಿ ಕೇಳಿದ.

"ಅಯ್ಯಯ್ಯೋ, ಅದನ್ನ ಮಾತ್ರ ಮುಟ್ಟಬೇಡಿ! ಅದನ್ನ ಒತ್ತಿದ್ರೆ ನಿಮ್ಮ ಮುಖದ ಬದಲು ಫೋಟೋ ಬಂದು ಕೂರುತ್ತೆ. ನೀವು ಎದ್ದು ಹೋದ್ರೂ ನೋಡೋರಿಗೆ ಕೂತಿರೋ ಹಾಗೇ ಕಾಣುತ್ತೆ. ಅದು ಮೋಸ. ಗೊತ್ತಾಯ್ತಲ್ಲ?"

"ಗೊತ್ತಾಯ್ತು, ಚೆನ್ನಾಗಿ ಗೊತ್ತಾಯ್ತು" ಎಂದು ದರ್ಜಿ ತಲೆಯಾಡಿಸಿದ. ಈ ಎಚ್ಚರಿಕೆಯನ್ನು ರಾಯರು ಯಾರ ಮನೆಯಲ್ಲೂ ಮರೆಯದೆ ಹೇಳಿ ಬಂದರು.

ಸಂಜೆ ಕಾರ್ಯಕ್ರಮದ ಹೊತ್ತಿಗೆ ಹೆಂಡತಿ ಚಪ್ಪಲಿ ಮೆಟ್ಟಿದಳು. "ನಾನು ಅಕ್ಕನ ಮನೆಯಿಂದಲೇ ಸೇರ್ಕೋತೀನಿ ಕಣ್ರೀ. ಒಲೆ ಮೇಲೆ ಹಾಲಿದೆ, ಸಣ್ಣ ಉರೀಲಿಟ್ಟಿದೀನಿ. ಆರಿಸೋದು ಮರೀಬೇಡಿ."

"ಹೂಂ ಹೂಂ" ಎಂದರು ರಾಯರು, ಕನ್ನಡಿಯ ಮುಂದೆ ತಲೆ ಬಾಚುತ್ತ. ಅವಳ ಮಾತು ಅವರ ಒಂದು ಕಿವಿಯಿಂದಲೂ ಒಳಗೆ ಹೋಗಿರಲಿಲ್ಲ.

ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದೊಂದಾಗಿ ಚೌಕಗಳು ಮೂಡಿದವು. ದರ್ಜಿ ಬಂದ, ಪೋಸ್ಟ್‌ಮಾಸ್ಟರು ಬಂದರು, ಬೇಕರಿಯವನು ಬಂದ. ಮೇಡಂ ಗಂಭೀರವಾಗಿ ದಪ್ಪ ಪುಸ್ತಕ ಹಿಡಿದು ಕೂತಿದ್ದರು. ಹತ್ತೊಂಬತ್ತಕ್ಕೆ ನಿಂತಾಗ ರಾಯರ ಜೀವ ಬಾಯಿಗೆ ಬಂತು. ಅಷ್ಟರಲ್ಲಿ "ಓದುಗರು" ಎಂಬ ಹೆಸರಿನ ಚೌಕವೊಂದು ತೆರೆಯಿತು. ಯಾರೋ ಗುರುತಿಲ್ಲ, ಕ್ಯಾಮೆರಾ ಮೇಲಕ್ಕೆ ವಾಲಿ ಬರೀ ಬಿಳಿಗೂದಲೂ ಹಣೆಯೂ ಕಾಣುತ್ತಿದ್ದವು. ಹಣೆಯಾದರೇನು, ತಲೆ ಲೆಕ್ಕಕ್ಕೆ ಸಾಕು! ರಾಯರು ಎಲ್ಲರ ಮೈಕನ್ನೂ ಮುಚ್ಚಿ, ಅಭ್ಯಾಸಬಲದಿಂದ ಒಮ್ಮೆ "ಶ್ಶ್!" ಎಂದು, ಪುಸ್ತಕ ತೆರೆದರು.

ಎಂಥ ಸುಖ! ಯಾರೂ ಕೆಮ್ಮುವುದಿಲ್ಲ, ಪುಟ ಸರಕ್ಕನೆ ತಿರುವುವುದಿಲ್ಲ. ಇಷ್ಟು ವರ್ಷ ಗ್ರಂಥಾಲಯದಲ್ಲಿ ಗಂಟಲು ಹರಿದುಕೊಂಡರೂ ಸಿಗದ ಮೌನ ಮನೆಯಲ್ಲೇ ಸಿಕ್ಕಿತಲ್ಲ ಎಂದು ಅವರಿಗೆ ಕಣ್ಣು ಒದ್ದೆಯಾಯಿತು. ಅರ್ಧ ಗಂಟೆ ಕಳೆಯಿತು. ಆಗ ಅಡುಗೆಮನೆಯಿಂದ ಒಂದು ವಾಸನೆ ತೇಲಿ ಬಂತು.

ಹಾಲು!

ರಾಯರು ಅರ್ಧ ಎದ್ದರು, ಮೇಡಂ ಮುಖ ಕಂಡು ಕುಸಿದರು. ಏಳುವ ಹಾಗಿಲ್ಲ. ಹೆಂಡತಿಯ ಚೌಕ ನೋಡಿ ಹುಬ್ಬು ಹಾರಿಸಿದರು. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಮೂಗು ಹಿಡಿದು ತೋರಿಸಿದರು, ಅಡುಗೆಮನೆಯ ಕಡೆ ಗದ್ದ ತಿರುಗಿಸಿದರು. ಊಹೂಂ. ಕೊನೆಗೆ ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ "ಹಾಲು" ಎಂದು ಬರೆದು ಕ್ಯಾಮೆರಾಕ್ಕೆ ಹಿಡಿದರು. ಹೆಂಡತಿಯಿರಲಿ, ಒಬ್ಬರೂ ಮಿಸುಕಲಿಲ್ಲ. ಮದುವೆಯಾದಾಗಿನಿಂದ ಇವಳು ಇಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ನೋಡೇ ಇಲ್ಲವಲ್ಲ, ಎಂಥ ಪುಸ್ತಕ ಓದುತ್ತಿದ್ದಾಳಪ್ಪಾ ಎಂದು ರಾಯರಿಗೆ ಆಶ್ಚರ್ಯವಾಯಿತು.

ವಾಸನೆಯ ಹಿಂದೆ ಹೊಗೆಯೂ ಬಂತು. ಇನ್ನು ತಡೆದರೆ ಮನೆಯೇ ಉಳಿಯದು. ಪ್ರಚಾರಕ್ಕೆಂದು ಇದೇ ಮೇಜಿನ ಮುಂದೆ, ಇದೇ ಅಂಗಿಯಲ್ಲಿ ತೆಗೆಸಿದ್ದ ಫೋಟೋ ಲ್ಯಾಪ್‌ಟಾಪಿನಲ್ಲಿತ್ತು. ರಾಯರು ಕಣ್ಣು ಮುಚ್ಚಿ, ಬೇರೆಯವರಿಗೆ ಬೇಡ ಎಂದಿದ್ದ ಗುಂಡಿಯನ್ನು ತಾವೇ ಒತ್ತಿ, ಅಡುಗೆಮನೆಗೆ ಓಡಿದರು.

ಅಲ್ಲಿ ಪೋಸ್ಟ್‌ಮಾಸ್ಟರು ನಿಂತಿದ್ದರು. ಹಿಂಬಾಗಿಲಿನಿಂದ ಬಂದು, ಕರಿ ಹಿಡಿದ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದಿದ್ದರು. ರಾಯರನ್ನು ಕಂಡದ್ದೇ ಪಾತ್ರೆ ಢಣಾರನೆ ಬಿತ್ತು.

"ನೀವಿಲ್ಲಿ? ನೀವು ಅಲ್ಲಿ ಓದ್ತಾ ಇದೀರಲ್ಲ!" ಎಂದರು ರಾಯರು.

"ನೀವೂ ಓದ್ತಾ ಇದ್ರಲ್ಲ!" ಎಂದರು ಪೋಸ್ಟ್‌ಮಾಸ್ಟರು. "ಬೆಳಿಗ್ಗೆ ನೀವೇ ಹೇಳಿಕೊಟ್ರಲ್ಲ ರಾಯರೇ, ಆ ಗುಂಡಿ..."

ಅಷ್ಟರಲ್ಲಿ "ಬೆಂಕಿ! ಬೆಂಕಿ!" ಎನ್ನುತ್ತ ದರ್ಜಿ ಬಕೆಟ್ಟಿನೊಡನೆ ನುಗ್ಗಿ, ಆರಿದ ಒಲೆಯ ಮೇಲೂ ಆರದಿದ್ದ ಪೋಸ್ಟ್‌ಮಾಸ್ಟರ ಮೇಲೂ ಸಮನಾಗಿ ನೀರು ಸುರಿದ. ಅವನ ಹಿಂದೆಯೇ ಹೆಂಡತಿ, ಹೆಂಡತಿಯ ಹಿಂದೆ ಅವಳಕ್ಕ.

"ಏನ್ರೀ ಇದು! ಎದುರುಮನೆ ಕಿಟಕೀಲಿ ನಿಂತಿದ್ದೆ, ನಮ್ಮನೇಲಿ ಹೊಗೆ! ಒಂದು ಹಾಲು ನೋಡ್ಕೊಳ್ಳೋಕಾಗಲ್ವಾ ನಿಮಗೆ?"

"ಕಿಟಕೀಲಾ? ಮತ್ತೆ ನಾನು ಅಷ್ಟು ಹೊತ್ತು ಹುಬ್ಬು ಹಾರಿಸಿದ್ದು ಯಾರಿಗೆ?"

"ಫೋಟೋಗೆ" ಎಂದು ಅವಳಕ್ಕ ನಕ್ಕಳು.

ಎಲ್ಲರೂ ಹಜಾರಕ್ಕೆ ಬಂದು ಲ್ಯಾಪ್‌ಟಾಪಿನ ಹಿಂದೆಮುಂದೆ ಬಗ್ಗಿದರು. ಪರದೆಯಲ್ಲಿ ಅವರೆಲ್ಲ ಮೈಮರೆತು ಓದುತ್ತಿದ್ದರು. "ನೋಡಿ, ನಾನು ಎಷ್ಟು ಚೆನ್ನಾಗಿ ಓದ್ತಾ ಇದೀನಿ!" ಎಂದು ದರ್ಜಿ ಹೆಮ್ಮೆಪಟ್ಟ. ಬೇಕರಿಯವನೂ ಓದುತ್ತಿದ್ದ, ಕಿಟಕಿಯಿಂದ ನೋಡಿದರೆ ಅಂಗಡಿಯ ಮುಂದೆ ನಿಂತು ಯಾರ ಹತ್ತಿರವೋ ಹರಟುತ್ತಲೂ ಇದ್ದ. ಇಡೀ ಪರದೆಯಲ್ಲಿ ಅಲುಗಾಡುತ್ತಿದ್ದದ್ದು ಒಂದೇ, ಆ ಗುರುತಿಲ್ಲದ ಬಿಳಿಗೂದಲಿನ ಹಣೆ.

ರಾಯರು ತಲೆಯ ಮೇಲೆ ಕೈ ಹೊತ್ತರು. "ಹಾಳಾಗಿ ಹೋಗಿ ಎಲ್ಲ! ಮೇಡಂ ಒಬ್ಬರೇ ಕೂತು ಇಷ್ಟೂ ಫೋಟೋ ನೋಡ್ತಾ ಇದಾರೆ. ನನ್ನ ಕತೆ ಮುಗೀತು. ಉಗ್ರಾಣವೇ ಗತಿ."

ಆಗ ಬಾಗಿಲಲ್ಲಿ ಒಂದು ದನಿ ಕೇಳಿಸಿತು. "ಕೆಳಗೆ ಅಂಗಡೀಲಿ ಯಾರೂ ಇಲ್ಲ, ಮೇಲೆ ನೋಡಿದ್ರೆ ಬೆಂಕಿ ಅಂತ ಕೂಗಾಟ. ರೀ ದರ್ಜಿಯವರೇ, ನನ್ನ ಕೋಟು ಆಯ್ತಾ?"

ಮೇಡಂ!

ಎಲ್ಲರೂ ಬಾಗಿಲು ನೋಡಿದರು, ಪರದೆ ನೋಡಿದರು, ಮತ್ತೆ ಬಾಗಿಲು ನೋಡಿದರು. ಪರದೆಯ ಮೇಡಂ ದಪ್ಪ ಪುಸ್ತಕ ಓದುತ್ತಿದ್ದರು. ಬಾಗಿಲ ಮೇಡಂ ಕೈಯಲ್ಲಿ ತರಕಾರಿ ಚೀಲವಿತ್ತು. ಅವರ ಕಣ್ಣು ಒದ್ದೆ ಪೋಸ್ಟ್‌ಮಾಸ್ಟರಿಂದ ದರ್ಜಿಗೆ, ದರ್ಜಿಯಿಂದ ರಾಯರಿಗೆ, ರಾಯರಿಂದ ಪರದೆಗೆ ಬಂದು ಅಲ್ಲೇ ಸಿಕ್ಕಿಕೊಂಡಿತು. ಆವತ್ತಿನ ನಿಜವಾದ ಮೌನ ವಾಚನ ನಡೆದದ್ದು ಆಗಲೇ. ಒಬ್ಬರ ಮುಖ ಒಬ್ಬರು ಓದಿಕೊಂಡರು.

"ರಾಯರೇ" ಎಂದು ಕಡೆಗೆ ಮೇಡಂ ಮೆಲ್ಲಗೆ ಹೇಳಿದರು, "ನಾನು ಇಲ್ಲಿಗೆ ಬಂದಿಲ್ಲ."

"ನಾನೂ ಎದ್ದಿಲ್ಲ ಮೇಡಂ" ಎಂದರು ರಾಯರು.

ಅಬ್ಬಾ! ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದಂತಾಯಿತು. ಹೆಂಡತಿ ಸೆರಗಿನಿಂದ ಬೆವರು ಒರೆಸಿಕೊಂಡಳು. ದರ್ಜಿ ಖಾಲಿ ಬಕೆಟ್ಟನ್ನು ಮಗುಚಿ ಮೇಡಂಗೆ ಕೂರಲು ಕೊಟ್ಟ. ಕಳ್ಳರಿಗೆಲ್ಲ ಒಂದೇ ಮನೆಯಲ್ಲಿ ಬೀಗರೂಟವಾದಂತಿತ್ತು.

"ಮಕ್ಕಳೇ, ಸಮಯ ಆಯ್ತು!"

ದನಿ ಬಂದದ್ದು ಲ್ಯಾಪ್‌ಟಾಪಿನಿಂದ. ಯಾರೋ ತಾವೇ ಮೈಕು ತೆರೆದುಕೊಂಡಿದ್ದರು. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಗೋಡೆಗೆ ಅಂಟಿದರು, ಮೇಡಂ ಕಿಟಕಿಗೆ ಇಳಿಬಿಟ್ಟ ಬಟ್ಟೆಯ ಹಿಂದೆ ಸೇರಿದರು. ರಾಯರು ಫೋಟೋ ಕಿತ್ತು ಹಾಕಿ, ಸ್ವಂತ ಮುಖ ತಂದು ಕೂರಿಸಿದರು. ಬಿಳಿಗೂದಲಿನ ಹಣೆ ನಿಧಾನವಾಗಿ ಇಳಿದು ಒಬ್ಬ ಅಜ್ಜಿಯ ಮುಖವಾಯಿತು.

"ನಲವತ್ತು ವರ್ಷ ಶಾಲೇಲಿ ಪಾಠ ಮಾಡಿದೋಳಪ್ಪಾ ನಾನು. ಇಂಥ ಶಿಸ್ತು ಎಲ್ಲೂ ನೋಡಿಲ್ಲ. ಆಗಾಗ ತಲೆ ಎತ್ತಿ ನೋಡ್ದೆ. ಒಬ್ಬರೂ ಅಲುಗಾಡಲಿಲ್ಲ! ಕಣ್ಣು ಕೂಡ ಮಿಟುಕಿಸಲಿಲ್ಲ!"

ಗೋಡೆಗೆ ಅಂಟಿದ್ದ ದರ್ಜಿ ಬಾಯಿಗೆ ಕೈ ಒತ್ತಿಕೊಂಡ.

"ಆದ್ರೆ ನಿಮ್ಮ ಮೈಕು ತೆರೆದೇ ಇತ್ತು ನೋಡಿ" ಎಂದರು ಅಜ್ಜಿ.

ರಾಯರು ಮೈಕಿನ ಗುರುತು ನೋಡಿದರು. ಎಲ್ಲರ ಬಾಯಿ ಮುಚ್ಚಿಸಿದವರು ತಮ್ಮದನ್ನು ಮುಚ್ಚಲು ಮರೆತಿದ್ದರು. ಬಟ್ಟೆಯ ಹಿಂದೆ ಮೇಡಂ ಉಸಿರು ಬಿಡುವುದನ್ನೇ ನಿಲ್ಲಿಸಿದರು.

"ನನಗೆ ಕಿವಿ ಸ್ವಲ್ಪ ಮಂದ. ಒಂದು ಪಾತ್ರೆ ಬಿದ್ದದ್ದು ಮಾತ್ರ ಕೇಳಿಸ್ತು, ಆಮೇಲೆ ಏನೋ ಗುಜುಗುಜು. ಅಂಥ ಗಲಾಟೇಲೂ ನೀವು ತಲೆ ಎತ್ತಲಿಲ್ಲ. ಭೇಷ್!"

ಉಸಿರುಗಳೆಲ್ಲ ಒಟ್ಟಿಗೆ ಹೊರಬಂದವು. ರಾಯರಿಗೆ ಆ ಅಜ್ಜಿಯ ಕಾಲಿಗೆ ಪರದೆಯಲ್ಲೇ ಬೀಳಬೇಕೆನ್ನಿಸಿತು. ಬದುಕಿದೆ! ಉಗ್ರಾಣ ತಪ್ಪಿತು!

"ನನ್ನ ಮಗ ಗ್ರಂಥಾಲಯ ಸಮಿತಿ ಅಧ್ಯಕ್ಷ" ಎಂದು ಅಜ್ಜಿ ಮುಂದುವರಿಸಿದರು. "ಇದನ್ನ ದಿನಾ ನಡೆಸು ಅಂತ ಆಗಲೇ ಹೇಳಿದೀನಿ, ಒಪ್ಕೊಂಡ. ನಿಮ್ಮಂಥವರಿಗೆ ಆ ಗಲಾಟೆ ಮನೆ ಬೇಡ. ಗ್ರಂಥಾಲಯದ ನೆಲಮಾಳಿಗೇಲಿ ಉಗ್ರಾಣ ಇದೆಯಂತಲ್ಲ? ಒಂದು ಸೊಳ್ಳೆ ಸದ್ದೂ ಇರಲ್ಲವಂತೆ. ಅಲ್ಲೇ ನಿಮಗೆ ಮೇಜು ಹಾಕಿಸ್ತಾನೆ."

ರಾಯರು ಮೂಗು ಒರೆಸಿಕೊಂಡರು. ಹೋಗಲಿ, ಗುಂಡಿಯಿದೆಯಲ್ಲ, ಅಲ್ಲಿಯೂ ಫೋಟೋ ಕೂರಿಸಿದರಾಯಿತು ಎಂದು ಮನಸ್ಸಿನ ಮೂಲೆಯಲ್ಲೊಂದು ದೀಪ ಹೊತ್ತಿತು.

"ಈ ಪರದೆ ನೋಡಿದ್ರೆ ನನಗೆ ಕಣ್ಣುರಿ" ಎಂದರು ಅಜ್ಜಿ. "ಅದಕ್ಕೆ ನಾಳೆಯಿಂದ ನಾನೇ ಅಲ್ಲಿಗೆ ಬಂದು ನಿಮ್ಮ ಪಕ್ಕದಲ್ಲೇ ಕೂತು ಓದ್ತೀನಿ. ಬರ್ಲಾ ಮಗೂ?"

ಚೌಕ ಮುಚ್ಚಿತು. ಗೋಡೆಗೆ ಅಂಟಿದ್ದವರೆಲ್ಲ ಕಳಚಿಕೊಂಡು ನಗತೊಡಗಿದರು. ಮೇಡಂ ಬಟ್ಟೆಯ ಹಿಂದಿನಿಂದ ಬಂದು ರಾಯರ ಕೈ ಕುಲುಕಿ, "ಉಗ್ರಾಣಕ್ಕೂ ಒಬ್ಬರು ಸಿಕ್ಕಿದ ಹಾಗಾಯ್ತು" ಎಂದರು. ಪೋಸ್ಟ್‌ಮಾಸ್ಟರು ಅಂಗಿ ಹಿಂಡಿಕೊಂಡರು. ಹೆಂಡತಿ ಪಾತ್ರೆಯ ತಳ ಕೆರೆಯುತ್ತ, "ಅಲ್ಲಿ ಹಾಲಂತೂ ಸೀಯಲ್ಲ ಬಿಡಿ" ಎಂದಳು.

"ರಾಯರೇ, ನಾಳೆಗೂ ಇದೇ ಫೋಟೋ ನಡೆಯುತ್ತಾ, ಅಂಗಿ ಬದಲಾಯಿಸಿ ಬೇರೆ ತೆಗೆಸ್ಬೇಕಾ?" ಎಂದು ದರ್ಜಿ ಕೇಳಿದ.

ರಾಯರು ತುಟಿಗೆ ಬೆರಳಿಟ್ಟು ಅವನ ಬಾಯಿ ಮುಚ್ಚಿಸಲು ಹೋದರು. ಬಂದದ್ದು ಸೀನು. ಅದರ ಹಿಂದೆ ಅಣ್ಣತಮ್ಮಂದಿರು.