ಹನ್ನೆರಡು ಹಲ್ಲಿನ ಯಂತ್ರ

ಎಡವಟ್ಟಾದದ್ದು ಡಬ್ಬಿಯೊಳಗಿನ ಚೀಟಿಯಿಂದ. ಬನವಾಸಿಯ ಟಿಲ್ಲರ್ ಮೆಕ್ಯಾನಿಕ್ ಶಂಭುಲಿಂಗ ಮದುವೆಯಾಗಿ ಹತ್ತು ವರ್ಷವಾಯಿತೆಂದು ಹೆಂಡತಿ ಮಹೇಶ್ವರಿಗೆ ಶಿರಸಿಯಿಂದ ಬೆಳ್ಳಿಯ ಪದಕ ತಂದಿದ್ದ. ಗೇರಿನ ಚಕ್ರದ ಹಾಗೆ ಸುತ್ತ ಹನ್ನೆರಡು ಹಲ್ಲು, ನಡುವೆ ತ್ರಿಕೋನ. ಮಾಡಿದವಳು ಡಿಸೈನ್ ಓದಿ ಬಂದ ಅಕ್ಕಸಾಲಿಗರ ಮಗಳು ಅಭಿಜ್ಞಾ. ಮಷೀನಿನ ಭಾಗ ನೋಡಿ ಒಡವೆ ಮಾಡುವುದು ಅವಳ ಹೊಸ ವರಸೆ. ಚೀಟಿಯಲ್ಲಿ ಮಾತ್ರ ಅಚ್ಚುಕಟ್ಟಾಗಿ ಬರೆದುಬಿಟ್ಟಿದ್ದಳು: ‘ಬೆಳ್ಳಿ ಯಂತ್ರ.’

ಮಹೇಶ್ವರಿ ಅದನ್ನು ಕೊರಳಿಗೆ ಹಾಕಿಕೊಂಡಿದ್ದಳಷ್ಟೆ, ಸಕ್ಕರೆ ಕೇಳಲು ಪಕ್ಕದ ಮನೆಯ ಕಲ್ಲವ್ವ ಬಂದಳು. ಚೀಟಿ ಓದಿದಳು, ಪದಕ ನೋಡಿದಳು, ಸಕ್ಕರೆ ಮರೆತಳು.

“ಯವ್ವಾ! ಇದು ವಶೀಕರಣದ ಯಂತ್ರ! ಹತ್ತು ವರ್ಷ ಒಂದು ಹೇರ್‌ಪಿನ್ನೂ ತರದಾಂವ ಇವತ್ತ್ಯಾಕ ಬೆಳ್ಳಿ ತಂದ? ಒಮ್ಮೆಲೆ ತೆಗೀಬ್ಯಾಡ ಮತ್ತ, ಕೆಣಕಿದಂಗಾಕ್ಕತಿ.”

ಇಷ್ಟು ವರ್ಷ ಇಲ್ಲದ್ದು ಈಗ ಬೆಳ್ಳಿ ಯಾಕೆ ತಂದ ಎಂಬುದು ಮಹೇಶ್ವರಿಗೂ ಬಗೆಹರಿದಿರಲಿಲ್ಲ. ಒಳಗಿದ್ದ ಗಂಡನನ್ನು ಕರೆದು ಕೇಳಿದಳು.

“ಖರೇ ಹೇಳ್ರಿ. ಇದಕ್ಕ ಏನ್ ಮಂತ್ರ ಹಾಕ್ಸೀರಿ? ಇಲ್ಲಾಂದ್ರ ತವರಿಗೆ ನಡದೆ.”

“ಮಂತ್ರ ಅಲ್ಲ ಮಾರಾಯ್ತಿ, ಯಂತ್ರ! ಅಂದ್ರ ಮಷೀನು!”

“ಯಂತ್ರ ಅಂತ ತಾನ ಒಪ್ಪಿದ ನೋಡು,” ಎಂದಳು ಕಲ್ಲವ್ವ.

ಶಂಭುಲಿಂಗನಿಗೆ ನಿಜಕ್ಕೂ ನೋವಾಯಿತು. ಅಪರೂಪಕ್ಕೆ ಪ್ರೀತಿ ತೋರಿಸಹೋದರೆ ಮಾಟಗಾರನಾಗಬೇಕೆ? ಹೆಂಡತಿಯ ಅನುಮಾನ ಹೋದರೆ ಸಾಕೆಂದು ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ನೀರು ತುಂಬೆಂದಳು, ತುಂಬಿದ. ಬದನೆಕಾಯಿ ಹೆಚ್ಚಿದ. ಮುಸುರೆ ತಿಕ್ಕಿದ.

“ತಪ್ಪು ಮಾಡಿದಾಂವ ಹಿಂಗ ದುಡೀತಾನ,” ಎಂದು ಕಲ್ಲವ್ವ ಓಣಿಯ ಹೆಂಗಸರನ್ನೆಲ್ಲ ಕರೆತಂದು ತೋರಿಸಿದಳು.

ಮಧ್ಯಾಹ್ನಕ್ಕೆ ಅವನ ತಾಳ್ಮೆ ತಪ್ಪಿತು. ಎಲ್ಲರನ್ನೂ ತನ್ನ ಗ್ಯಾರೇಜಿಗೆ ಕರೆದೊಯ್ದ. ಅಲ್ಲಿ ಕಲ್ಲವ್ವನ ಗಂಡ ಅಂದಾನಪ್ಪ, ರಿಪೇರಿಯಾದ ತನ್ನ ಟಿಲ್ಲರ್ ಒಯ್ಯಲು ಕಾದಿದ್ದ. ಶಂಭುಲಿಂಗ ಅದರ ಗೇರ್‌ಬಾಕ್ಸಿಗೇ ಸ್ಪ್ಯಾನರ್ ಹಾಕಿದ.

“ಈಗಷ್ಟ ಕೂಡ್ಸೀಯಲ್ಲೋ ಪುಣ್ಯಾತ್ಮಾ!” ಎಂದು ಅಂದಾನಪ್ಪ ಬಾಯಿ ಬಡಿದುಕೊಂಡ.

“ಇದೊಂದು ಮುಚ್ಚಳ ತೆಗೀತೀನಿ. ಒಳಗ ಇಂಥದ ಚಕ್ರ ಐತಿ. ಎಲ್ಲಾರೂ ಕಣ್ಣಾರೆ ನೋಡ್ರಿ!”

ಬೋಲ್ಟುಗಳು ಒಂದೊಂದಾಗಿ ಬಿಚ್ಚಿದವು. ಮಹೇಶ್ವರಿ ಯೋಚಿಸುತ್ತಿದ್ದಳು. ಹತ್ತು ವರ್ಷದಲ್ಲಿ ಒಂದು ಲೋಟ ತೊಳೆಯದ ಗಂಡ ಇವತ್ತು ಮುಸುರೆ ತಿಕ್ಕಿದ್ದಾನೆ. ಯಂತ್ರ ಇರುವುದಾದರೂ ಯಾರ ಕೊರಳಲ್ಲಿ? ಅವಳ ಕೈ ಪದಕದ ಮೇಲೆ ಹೋಯಿತು.

“ರೀ, ಬ್ಯಾಡ. ಮುಚ್ರಿ.”

ಬೆಳಗಿನಿಂದ ರೂಢಿಯಾಗಿತ್ತಲ್ಲ, ಶಂಭುಲಿಂಗ ಮುಚ್ಚಿದ.

ಹೆಂಗಸರೆಲ್ಲ ಒಮ್ಮೆಲೇ ಉಸಿರೆಳೆದುಕೊಂಡರು.

“ಅಯ್ಯ ಶಿವನ!” ಎಂದಳು ಕಲ್ಲವ್ವ. “ಇದು ಗಂಡಂದ್ರಿಗೆ ಹತ್ತೋ ಯಂತ್ರ! ತಮ್ಮಾ, ಇದನ್ನ ಮಾಡಿದ ಹುಡುಗಿ ಫೋನ್ ನಂಬರ್ ಕೊಡು.”

ಅಂದಾನಪ್ಪ ಓಡಿಬಂದು ಶಂಭುಲಿಂಗನ ಎರಡೂ ಕೈ ಹಿಡಿದುಕೊಂಡ. “ಕೈ ಮುಗೀತೀನಿ, ಕೊಡಬ್ಯಾಡೋ!”

“ಕೊಡ್ರಿ,” ಎಂದಳು ಮಹೇಶ್ವರಿ.

ಕೊಟ್ಟ.