ಕಲ್ಲುಹೂವಿನ ಪತ್ರಿಕೆಯೂ ಇಡ್ಲಿ ಹಿಟ್ಟೂ

ತಾನಿಲ್ಲದೆ ಯಾವುದೋ ಒಂದು ನಡೆಯುವುದಿಲ್ಲ ಎಂಬ ಭ್ರಮೆ ಮನುಷ್ಯನಿಗೆ ಇರಬೇಕು. ಇಲ್ಲದಿದ್ದರೆ ಬೆಳಿಗ್ಗೆ ಏಳುವುದೇ ಕಷ್ಟ. ನನ್ನ ಕಚೇರಿಯಲ್ಲಿ ಅದಕ್ಕೆ ಆಸ್ಪದವಿರಲಿಲ್ಲ. ಅದಿದ್ದ ಗಚ್ಚಿಬೌಲಿಯಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ನಾನೊಂದು ದಿನ ಹೋಗದಿದ್ದರೆ ಇನ್ನೊಬ್ಬ ನನ್ನ ಕುರ್ಚಿಯಲ್ಲಿ ಕೂತು ನನ್ನದೇ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದ.

ಬೇಗಂಪೇಟೆಯ ಮನೆಯಲ್ಲಿ ಮಾತ್ರ ನಾನು ಜಗತ್ತಿಗೆ ಬೇಕಾದವನು. ನನ್ನ ಹೆಂಡತಿ ಸುನಂದಾ ಕಲ್ಲುಹೂವಿನ ಸಂಶೋಧಕಿ. ಮಸಾಲೆಗೆ ಹಾಕುತ್ತೇವಲ್ಲ, ಬಂಡೆಯ ಮೇಲೆ ಬೂದಿಬಣ್ಣದ ಕಸೂತಿಯಂತೆ ಹಬ್ಬುವುದು, ಅದೇ. ಅವಳೂ, ಚಿಲಿ ದೇಶದ ಮಾರ್ತಾ, ಫಿನ್‌ಲ್ಯಾಂಡಿನ ಐನೋ ಎಂಬ ಪ್ರಾಧ್ಯಾಪಕಿಯರೂ ಸೇರಿ ಅಂತರ್ಜಾಲದಲ್ಲಿ ಒಂದು ಸಂಶೋಧನಾ ಪತ್ರಿಕೆ ನಡೆಸುತ್ತಿದ್ದರು. ಬರೆದವರೂ ಕಾಸು ಕೊಡಬೇಕಿಲ್ಲ, ಓದುವವರೂ ಕೊಡಬೇಕಿಲ್ಲ; ಲೇಖನ ಪರಿಶೀಲಿಸುವ ವಿದ್ವಾಂಸರಿಗೂ ಏನೂ ಸಿಗುತ್ತಿರಲಿಲ್ಲ. “ಅಂದ್ರ ಛತ್ರದ ಊಟ ಇದ್ದಂಗ,” ಎಂದು ನಮ್ಮವ್ವ ಅರ್ಥ ಮಾಡಿಕೊಂಡಿದ್ದಳು. ಇಡೀ ಪತ್ರಿಕೆ ಇದ್ದದ್ದು ನಮ್ಮ ಊಟದ ಕೋಣೆಯ ಮೂಲೆಯಲ್ಲಿ, ನಾನು ಕೈಯಾರೆ ಜೋಡಿಸಿದ ಕಂಪ್ಯೂಟರಿನೊಳಗೆ. ಕಂಪನಿಯ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಸಾಕು, ಎಲ್ಲೋ ಸಮುದ್ರದಂಚಿನ ಮಂಜಿನಲ್ಲಿ ಯಾರೋ ಒಂದು ಪುಟ ತೆರೆಯುವರು. ನಮ್ಮ ಮನೆಯ ಮೂಲೆಯಲ್ಲೊಂದು ಹಸಿರು ದೀಪ ಮಿನುಗುವುದು. ಹೀಗೆ ತೇಲುತ್ತ ಎಷ್ಟೋ ಸಲ ನಾನು ಇಳಿಯಬೇಕಾದ ಜಾಗ ದಾಟಿ ಹೋಗಿದ್ದೇನೆ.

ಒಂದು ಚಳಿಗಾಲದ ಭಾನುವಾರ ಆ ದೀಪ ಮಿನುಗಲಿಲ್ಲ. ಚಳಿಗೆ ಇಡ್ಲಿ ಹಿಟ್ಟು ಉಬ್ಬುತ್ತಿಲ್ಲವೆಂದು ಅವ್ವ ಹಿಂದಿನ ದಿನ ಪಾತ್ರೆಯನ್ನು ಬೆಚ್ಚಗಿನ ಕಂಪ್ಯೂಟರಿನ ಮೇಲಿಟ್ಟಿದ್ದಳು. ಹಿಟ್ಟು ಉಬ್ಬಿ, ಉಕ್ಕಿ, ಗಾಳಿಕಿಂಡಿಗಳ ಮೂಲಕ ವಿಜ್ಞಾನದೊಳಕ್ಕೆ ಇಳಿದಿತ್ತು.

“ಭಾಳ ಚೊಲೋ ಹುಳಿ ಬಂದಿತ್ತಪ್ಪಾ,” ಎಂದು ಅವ್ವ ಹಿಟ್ಟಿಗಾಗಿ ಮರುಗಿದಳು.

ಸುನಂದಾ ಬಿಳಿಚಿಕೊಂಡಳು. “ಮಾರ್ತಾನ ಶಿಷ್ಯಳದು ನಾಳೆ ಡಾಕ್ಟರೇಟ್ ಪರೀಕ್ಷಾ ಐತ್ರಿ. ಆಕಿ ಲೇಖನ ಇದರಾಗಷ್ಟ ಐತಿ. ಪರೀಕ್ಷಕರು ತೆಗೆದು ನೋಡಿದಾಗ ಏನೂ ಕಾಣಲಿಲ್ಲಂದ್ರ ಆ ಹುಡುಗಿ ಗತಿ ಏನ್ರೀ?”

ನಾನು ಕಂಪ್ಯೂಟರ್ ಬಿಚ್ಚಿದೆ. ಕಲ್ಲುಹೂವಿನ ಧೂಳು ತೆಗೆಯುವ ತನ್ನ ಮೆತ್ತನೆಯ ಕುಂಚ ತಂದು, ಸುನಂದಾ ಉಸಿರು ಬಿಗಿಹಿಡಿದು ಡಿಸ್ಕಿನ ಮೇಲಿನ ಹಿಟ್ಟು ಒರೆಸಿದಳು. ಅದನ್ನು ಅವಳ ಕಂಪ್ಯೂಟರಿಗೆ ಜೋಡಿಸಿದಾಗ ಗೊರಗೊರ ಎಂದು, ನಮ್ಮ ಮೇಲೆ ಕನಿಕರಪಟ್ಟಂತೆ ತಿರುಗತೊಡಗಿತು. ಫೋನು ಮಾಡಿದರೆ ಐನೋ, ತನ್ನ ವಿಭಾಗದ ಕಂಪ್ಯೂಟರಿನಲ್ಲಿ ಜಾಗವಿದೆ, ಎಲ್ಲವನ್ನೂ ಅಲ್ಲಿಗೇ ಕಳಿಸಿ ಎಂದಳು.

ಮಧ್ಯಾಹ್ನವೆಲ್ಲ ಟೆಲಿಫೋನ್ ತಂತಿಯಲ್ಲಿ ಪತ್ರಿಕೆ ತೊಟ್ಟು ತೊಟ್ಟಾಗಿ ಹರಿಯಿತು. ಅವ್ವ ಉಪ್ಪಿಟ್ಟು ಕೊಟ್ಟಳು. ನಾನು ತಟ್ಟೆ ಹಿಡಿದು ಕೂತಲ್ಲೇ, ಡೆಕ್ಕನ್ನಿನ ಬಂಡೆಗಳಿಂದ ಕಲ್ಲುಹೂಗಳೆಲ್ಲ ಮೆಲ್ಲಗೆ ಎದ್ದು, ಮೋಡಗಳ ಮೇಲೆ ಉತ್ತರದ ಹಿಮದತ್ತ ತೇಲುವುದನ್ನು ನೋಡುತ್ತಿದ್ದೆ. “ಮುಗೀತ್ರಿ!” ಎಂದು ಸುನಂದಾ ಕೂಗಿದಾಗ ಉಪ್ಪಿಟ್ಟು ತಣ್ಣಗಾಗಿತ್ತು. ಹುಡುಗಿಯ ಲೇಖನ ಫಿನ್‌ಲ್ಯಾಂಡಿನಿಂದ ತೆರೆದುಕೊಂಡಿತು.

ಎರಡು ದಿನದ ಮೇಲೆ ಮಾರ್ತಾ ಬರೆದಳು: ಹುಡುಗಿ ಪಾಸಾದಳು, ನೀವು ಹೇಳಿದ ಆ ಇಡ್ಲಿ ಕಲ್ಲುಹೂವಿನ ಯಾವ ಜಾತಿ?

ಮುಂದೆ ಇಂಥ ಪ್ರಳಯ ಆಗಬಾರದೆಂದು ಮೂವರೂ ಒಂದೊಂದು ಪ್ರತಿ ಇಟ್ಟುಕೊಂಡರು. ಒಂದು ಕೆಟ್ಟರೆ ಇನ್ನೊಂದು ತಾನಾಗಿಯೇ ಓದುಗರಿಗೆ ತೆರೆದುಕೊಳ್ಳುವಂತೆ ಏರ್ಪಾಡಾಯಿತು. ಆ ಏರ್ಪಾಡನ್ನು ಬರೆದವನು ನಾನೇ. ಎಲ್ಲರೂ ಹೊಗಳಿದರು.

ಕೆಲವು ವಾರ ಕಳೆದ ಮೇಲೆ, ಸುಮ್ಮನೆ, ಪರೀಕ್ಷೆಗೆಂದು, ಹಿಟ್ಟು ತೊಳೆದು ಮತ್ತೆ ಜೋಡಿಸಿದ್ದ ನಮ್ಮ ಕಂಪ್ಯೂಟರನ್ನು ಬಂದ್ ಮಾಡಿ ಕಾದು ಕೂತೆ. ಚಿಲಿಯಿಂದ ಗಾಬರಿಯ ಪತ್ರ ಬರಲಿಲ್ಲ. ಫಿನ್‌ಲ್ಯಾಂಡಿನಿಂದ ಫೋನು ಬರಲಿಲ್ಲ. ಸಂಜೆ ಸುನಂದಾ ಮೂಲೆಯತ್ತ ಒಮ್ಮೆ ನೋಡಿದಳು. ನಾನು ಟೊಂಕ ಕಟ್ಟಿ ಎದ್ದೆ.

“ಬಂದ್ ಆಗೇತೇನ್ರಿ? ಇರ್ಲಿ ಬಿಡ್ರಿ, ಉಳಿದೆರಡು ನಡದಾವಲ್ಲ,” ಎಂದಳು. “ಹೆಂಗೂ ಖಾಲಿ ಅದೀರಿ, ಒಂದು ಕಟ್ಟು ಕೊತ್ತಂಬರಿ ತೊಗೊಂಡ್ ಬರ್ರಿ.”