ಲೈಕಿನ ಮುಯ್ಯಿ

ನಮ್ಮ ಚಿಕ್ಕಪ್ಪನಿಗೆ ಇರುವಷ್ಟು ನೆಂಟರು ಈ ಜಿಗಣಿಯ ಸುತ್ತಮುತ್ತ ಇನ್ಯಾರಿಗೂ ಇಲ್ಲ. ಒಬ್ಬ ಗಡ್ಡದ ಭಾವ ಹಿಮ ಬೀಳುವ ಊರಿನಲ್ಲಿ ಗಿಟಾರ್ ಕಲಿಸುತ್ತಾನೆ. ಒಬ್ಬ ಮಾವ ಸಮುದ್ರದಾಚೆ ಎಲ್ಲೋ ಷೆಡ್ಡಿನಲ್ಲಿ ಕೂತು, ಹಿಂದೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೊ ಗೇಮುಗಳನ್ನು ಬಿಚ್ಚಿ ರಿಪೇರಿ ಮಾಡುತ್ತಾನೆ. ಒಬ್ಬ ಅಕ್ಕ ಅದೇ ಗೇಮುಗಳನ್ನು ಆಡುತ್ತಾ, ಸೋತಾಗಲೆಲ್ಲ ನಗುತ್ತಾಳೆ. ಇವರಲ್ಲಿ ಒಬ್ಬರಿಗೂ ಕನ್ನಡ ಬರುವುದಿಲ್ಲ. ನಮ್ಮ ಚಿಕ್ಕಪ್ಪ ಅನ್ನುವ ಪ್ರಾಣಿ ಭೂಮಿಯ ಮೇಲಿದೆ ಅನ್ನುವುದು ಒಬ್ಬರಿಗೂ ಗೊತ್ತಿಲ್ಲ. ನೆಂಟಸ್ತನ ಕೆಡದೆ ಉಳಿಯುವುದಕ್ಕೆ ಇನ್ನೇನು ಬೇಕು?

ನೀವು ಊಹಿಸಿದ್ದು ಸರಿ, ಇವರೆಲ್ಲ ಫೋನಿನೊಳಗಿನ ನೆಂಟರು. ಚಿಕ್ಕಪ್ಪ ತಪ್ಪದೆ ನೋಡುವ ವಿಡಿಯೊ ಚಾನೆಲ್ಲುಗಳ ಒಡೆಯರು. ಹಾಗಾದರೆ ಹೊರಗೆ ನೆಂಟರಿಲ್ಲವೇ? ಇದ್ದಾರೆ. ಅವರ ಕಥೆ ಮುಂದೆ ಬರುತ್ತದೆ, ಬರದಿದ್ದರೆ ಚೆನ್ನಾಗಿತ್ತು.

ನಮ್ಮದು ಜಿಗಣಿಗೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ ಸಿಕ್ಕಿಹಾಕಿಕೊಂಡ ಊರು. ರಾಗಿ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಈಗ ಕಂಪನಿ ಕೆಲಸದ ಹುಡುಗರು ಬಾಡಿಗೆಗಿರುವ ನಾಲ್ಕು ಅಂತಸ್ತಿನ ಪಿಜಿ ಬೆಳೆದಿದೆ. ಈ ಬೆಳೆಗೆ ಮಳೆ ಬೇಕಿಲ್ಲ, ಟ್ಯಾಂಕರ್ ಬಂದರೆ ಸಾಕು. ಅಪ್ಪ ಬಾಡಿಗೆ ನೋಡಿಕೊಳ್ಳುತ್ತಾನೆ; ಅವನ ತಮ್ಮ, ಅಂದರೆ ಚಿಕ್ಕಪ್ಪ, ನೀರಿನ ಮೋಟರ್ ನೋಡಿಕೊಳ್ಳುತ್ತಾನೆ. ಮೊದಲು ಅವನು ಜಿಗಣಿಯ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಸೋಲ್ಡರ್ ಹಾಕುತ್ತಿದ್ದ. ಕಾರ್ಖಾನೆ ಬೇರೆ ರಾಜ್ಯಕ್ಕೆ ಹೋಯಿತು, ಸೋಲ್ಡರಿನ ಚಟ ಇವನ ಹಿಂದೆ ಮನೆಗೆ ಬಂತು. ಅವನಿಗೂ ಚಿಕ್ಕಮ್ಮನಿಗೂ ಮಕ್ಕಳಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಊರಿನವರು ಅವನ ಮಾತು ಬಂದಾಗ ಮೊದಲು ಹೇಳುವುದೇ ಅದನ್ನು.

ಗಿಟಾರ್ ಹೇಗೆ ಬಂತು ಅನ್ನುತ್ತೀರಾ? ಪಿಜಿಗೆ ಸೇರುವ ಹುಡುಗರಲ್ಲಿ ಬಹಳಷ್ಟು ಮಂದಿ ಗಿಟಾರ್ ಹಿಡಿದುಕೊಂಡೇ ಬರುತ್ತಾರೆ. ಮೊದಲ ವಾರ ಟೆರೇಸಿನ ಮೇಲೆ ಕೂತು ಅದನ್ನು ಬಾರಿಸುತ್ತಾರೆ. ಎರಡನೇ ವಾರದಿಂದ ಕಂಪನಿಯವರು ಇವರನ್ನು ಬಾರಿಸುತ್ತಾರೆ. ಖಾಲಿ ಮಾಡುವಾಗ ಬಕೆಟ್ಟು ಒಯ್ಯುತ್ತಾರೆ, ಗಿಟಾರ್ ಬಿಟ್ಟುಹೋಗುತ್ತಾರೆ. ಹೀಗೆ ತಬ್ಬಲಿಯಾದ ಗಿಟಾರುಗಳನ್ನೆಲ್ಲ ಚಿಕ್ಕಪ್ಪ ಸಂಪಿನ ಪಕ್ಕದ ಕೆಳಗಿನ ರೂಮಿಗೆ ಸೇರಿಸಿಕೊಂಡ. ಅವುಗಳ ಜೊತೆಗೆ ಡಬ್ಬಾ ಟಿವಿ ಒಂದು, ಮಾರತ್ತಹಳ್ಳಿಯ ಗುಜರಿ ಅಂಗಡಿಯಿಂದ ತಂದ ಹಳೆಯ ಗೇಮುಗಳು, ಅವುಗಳ ಕ್ಯಾಸೆಟ್ಟುಗಳು. ಗಿಟಾರಿಗೆ ಏನಾದರೂ ಆದರೆ ಭಾವನನ್ನು ಕೇಳುತ್ತಾನೆ, ಗೇಮಿಗೆ ಏನಾದರೂ ಆದರೆ ಮಾವನನ್ನು. ಚಿಕ್ಕಮ್ಮನನ್ನು ಯಾವುದಕ್ಕೂ ಕೇಳುವುದಿಲ್ಲ.

ಅವನು ವಿಡಿಯೊ ನೋಡುವ ಕ್ರಮವೇ ಬೇರೆ. ನೀವು ನಾವು ನೋಡಿದ ಮೇಲೆ, ಇಷ್ಟವಾದರೆ, ಮನಸ್ಸಿದ್ದರೆ ಲೈಕ್ ಒತ್ತುತ್ತೇವೆ. ಚಿಕ್ಕಪ್ಪ ಮೊದಲು ಒತ್ತುತ್ತಾನೆ, ಆಮೇಲೆ ನೋಡುತ್ತಾನೆ. ಏಕೆಂದರೆ ಅದು ಅವನ ಲೆಕ್ಕದಲ್ಲಿ ಮುಯ್ಯಿ. ನಮ್ಮ ಕಡೆ ಮದುವೆಗೆ ಹೋದವರು ಮುಯ್ಯಿ ಹಾಕುತ್ತಾರಲ್ಲ, ಅದೇ. ಇಂದು ನಿಮ್ಮ ಮನೆಯ ಕಾರ್ಯಕ್ಕೆ ನಾನು ಹಾಕಿದ್ದು ನಾಳೆ ನಮ್ಮ ಮನೆಯ ಕಾರ್ಯಕ್ಕೆ ನಿಮ್ಮಿಂದ ಬರಬೇಕು. ಜಾಹೀರಾತು ಬಂದರೆ ದಾಟಿಸುವುದಿಲ್ಲ; ಬಡಿಸುತ್ತಿರುವಾಗ ಪಂಕ್ತಿಯಿಂದ ಏಳುವುದು ಮರ್ಯಾದೆಯೇ? “ನಿಮ್ಮ ಅನಿಸಿಕೆ ಕೆಳಗೆ ಬರೆಯಿರಿ” ಎಂದು ಯಾರಾದರೂ ಹೇಳಿದರೆ ತನ್ನನ್ನೇ ಕೇಳಿದರು ಎಂದು ತಿಳಿದು, ಕನ್ನಡದಲ್ಲಿ, ಕ್ಷೇಮಸಮಾಚಾರ ಸಹಿತ ಬರೆಯುತ್ತಾನೆ. ಊಟ ಆಯಿತೇ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ, ಹೋದ ವಾರಕ್ಕಿಂತ ಸ್ವಲ್ಪ ಇಳಿದುಹೋಗಿದ್ದೀರಿ.

ಶ್ರುತಿಯ ಕಥೆ ಇನ್ನೂ ದೊಡ್ಡದು. ಗಿಟಾರಿನ ದಪ್ಪ ತಂತಿಯನ್ನು ಯಾವುದಾದರೂ ಸ್ಥಿರವಾದ ಸ್ವರಕ್ಕೆ ಕೂಡಿಸಿಕೊಳ್ಳಬೇಕೆಂದು ಭಾವ ಒಮ್ಮೆ ಹೇಳಿಕೊಟ್ಟ. ನಮ್ಮ ಮನೆಯಲ್ಲಿ ಸ್ಥಿರವಾಗಿ ಸದ್ದು ಮಾಡುವುದು ಏನಿದೆ? ಸಂಪಿನ ಮೋಟರ್. ಅದರ ಗುಂಯ್‌ಗೆ ಚಿಕ್ಕಪ್ಪ ಎಲ್ಲ ಗಿಟಾರುಗಳನ್ನೂ ಕೂಡಿಸಿದ. ವೋಲ್ಟೇಜ್ ಇಳಿದ ದಿನ ಮೋಟರಿನ ಜೊತೆಗೆ ಗಿಟಾರುಗಳೂ ಇಳಿಯುತ್ತಿದ್ದವು. ಭಾವನ ಗಿಟಾರಿಗೂ ಇವನದಕ್ಕೂ ತಾಳೆಯಾಗಲಿಲ್ಲ. ತಪ್ಪು ಯಾರದು? “ಭಾವ, ನಿಮ್ಮ ಕಡೆ ಕರೆಂಟ್ ಜಾಸ್ತಿ ಬರುತ್ತಿರಬೇಕು, ವಿಚಾರಿಸಿ” ಎಂದು ಬರೆದ. ಶ್ರುತಿಗೆಂದು ಹಾಕಿದ ಮೋಟರನ್ನು ಆರಿಸಲು ಮರೆತ ದಿನಗಳಲ್ಲಿ ಟ್ಯಾಂಕು ತುಂಬಿ, ಟೆರೇಸ್ ತುಂಬಿ, ಮೆಟ್ಟಿಲಲ್ಲಿ ನೀರು ಇಳಿಯುತ್ತಿತ್ತು. ಅದೇ ವಾರ ನಾವು ಟ್ಯಾಂಕರಿಗೆ ಫೋನ್ ಮಾಡಿ ಕೈಮುಗಿಯುತ್ತಿದ್ದೆವು.

ಅಪ್ಪನ ತಾಳ್ಮೆ ಹರಿದದ್ದು ಅಲ್ಲಿ. ಪಾರ್ಸೆಲ್ ಹಂಚುವ ಒಂದು ಕಂಪನಿಯವರು ಆ ರೂಮನ್ನು ಗೋಡೌನಿಗೆ ಕೇಳುತ್ತಿದ್ದರು. ಚಿಕ್ಕಪ್ಪ ಅದಾಗಲೇ ತನ್ನದೇ ಚಾನೆಲ್ ತೆರೆದಿದ್ದ. ಹಳೆಯ ಗೇಮುಗಳಲ್ಲಿ ಬರುವ ಟಿಂಗ್ ಟಿಂಗ್ ರಾಗವನ್ನು ಗಿಟಾರಿನಲ್ಲಿ ನುಡಿಸುವುದು, ಆಮೇಲೆ ಒಂದು ಗೇಮನ್ನು ಬಿಚ್ಚಿ ಜೋಡಿಸುವುದು, ಇಷ್ಟೇ ಅದರ ವಿಷಯ. ಸಾವಿರ ಚಂದಾದಾರರು ಸೇರದಿದ್ದರೆ ಚಾನೆಲ್ಲಿಗೆ ಬಿಡಿಗಾಸೂ ಹುಟ್ಟುವುದಿಲ್ಲ ಎಂದು ಪಿಜಿಯ ಹುಡುಗನೊಬ್ಬ ಅಪ್ಪನ ಕಿವಿಗೆ ಹಾಕಿದ.

“ಸಾವ್ರ ಜನ ಸೇರ್ಸು, ರೂಮು ನಿಂದೆ,” ಎಂದ ಅಪ್ಪ. “ಇಲ್ಲಾಂದ್ರೆ ಯುಗಾದಿ ಆಗ್ತಿದ್ದಂಗೆ ಖಾಲಿ ಮಾಡು ಕಣ್ಲಾ.”

ದಿನವೂ ತಾರೀಕು ಹಾಕಿ ನಾಲ್ಕು ಸಾಲು ಬರೆಯುವ ಚಟ ನನಗಿರುವುದರಿಂದ ತಲೆ ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ಸುಲಭದ ಕೆಲಸ. ಬಹಳ ದಿನ ಎರಡು ಕೈಯ ಬೆರಳೇ ಸಾಕಾಯಿತು.

ಚಾನೆಲ್ ಏಕೆ ಬೆಳೆಯಲಿಲ್ಲ ಎಂದು ಅವನ ಒಂದು ವಿಡಿಯೊ ನೋಡಿದ್ದರೆ ನಿಮಗೇ ತಿಳಿಯುತ್ತಿತ್ತು. ಹಾಲಿನ ಕ್ರೇಟಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಫೋನಿನ ಮುಂದೆ ಬಂದು, ಬನ್ನಿ ಬನ್ನಿ, ಕೂತ್ಕೊಳಿ ಎನ್ನುತ್ತಾನೆ. ನೀರು ಕುಡಿಯುತ್ತೀರಾ ಎಂದು ಕೇಳುತ್ತಾನೆ. ಕೇಳಿ ಸುಮ್ಮನಾಗುವುದಿಲ್ಲ, ಉತ್ತರಕ್ಕೆ ಕಾಯುತ್ತಾನೆ! ಉಪಚಾರ ಮುಗಿಯುವ ಹೊತ್ತಿಗೆ ಬಂದವರು ಎದ್ದುಹೋಗಿರುತ್ತಾರೆ. ಒಂದೇ ಒಂದು ವಿಡಿಯೊ ಚಿಕ್ಕಮ್ಮನಿಗೂ ಮೆಚ್ಚುಗೆಯಾಗಿತ್ತು. ಗೇಮಿನ ಕ್ಯಾಸೆಟ್ ಕೆಟ್ಟರೆ ಎಲ್ಲರೂ ಬಾಯಿಂದ ಉಫ್ ಎಂದು ಊದುತ್ತಾರಲ್ಲ, ಅದು ತಪ್ಪು, ಎಂಜಲು ತಾಗಿ ತುಕ್ಕು ಹಿಡಿಯುತ್ತದೆ ಎಂದು ಅದರಲ್ಲಿ ಹೇಳಿದ್ದ. ಎಂಜಲಿನ ವಿಷಯದಲ್ಲಿ ಗಂಡ ಬಾಯಿಬಿಟ್ಟು ಒಂದು ಒಳ್ಳೆಯ ಮಾತಾಡಿದ್ದು ಅದೇ ಮೊದಲಂತೆ. ಮಿಕ್ಕಂತೆ ಅವಳ ಅಭಿಪ್ರಾಯ ಒಂದೇ ವಾಕ್ಯದ್ದು:

“ಆ ಗಡ್ಡದೋನ್ ಜೊತೆ ಆಡೋ ಮಾತಲ್ಲಿ ಕಾಲ್ಭಾಗ ನನ್ ಜೊತೆ ಆಡಿದ್ರೆ ಈ ಮನೆಗೆ ಟಿವಿನೇ ಬೇಕಾಗಿರ್ಲಿಲ್ಲ.”

ಚಿಕ್ಕಪ್ಪನಿಗೆ ಆತಂಕವಿರಲಿಲ್ಲ. ಅಷ್ಟು ಜನರಿಗೆ ಅಷ್ಟು ಮುಯ್ಯಿ ಹಾಕಿದ್ದಾನೆ, ಅವರು ಬಿಡುತ್ತಾರೆಯೇ? ಆದರೆ ಹೇಳದೆ ಬರುವುದು ಹೇಗೆ? ಹಾಗಾಗಿ ಭಾವ, ಮಾವ, ಅಕ್ಕ, ಜೊತೆಗೆ ತಾನು ನೋಡುವ ಪ್ರತಿ ಗಿಟಾರಿನ, ಪ್ರತಿ ಗೇಮಿನ ಚಾನೆಲ್ಲಿನ ಕೆಳಗೆ ಲಗ್ನಪತ್ರಿಕೆಯ ಧಾಟಿಯಲ್ಲಿ ಬರೆದ. ನಮ್ಮ ಮನೆಯಲ್ಲೂ ಒಂದು ಚಿಕ್ಕ ಕಾರ್ಯ ಇಟ್ಟುಕೊಂಡಿದ್ದೇವೆ, ತಾವು ಸಕುಟುಂಬ ಸಮೇತರಾಗಿ ಬಂದು ನಡೆಸಿಕೊಡಬೇಕು. ಒಂದೇ ಒಕ್ಕಣೆ ಅಷ್ಟೊಂದು ಕಡೆ ಕಂಡ ಕೂಡಲೇ ಅಲ್ಲಿನ ಯಂತ್ರ ಇವನನ್ನು ವಂಚಕನೆಂದು ತೀರ್ಮಾನಿಸಿ, ಎಲ್ಲವನ್ನೂ ಅಳಿಸಿ, ಇನ್ನು ಮುಂದೆ ಎಲ್ಲಿಯೂ ಬರೆಯದಂತೆ ಬಾಯಿ ಕಟ್ಟಿತು. ಪತ್ರಿಕೆ ಹಂಚಲು ಹೋದವನನ್ನು ಬೀಗರು ಪೊಲೀಸರಿಗೆ ಹಿಡಿದುಕೊಟ್ಟ ಹಾಗೆ.

ಆ ದಿನ ಅವನು ಸೋಲ್ಡರ್ ಹಾಕಲಿಲ್ಲ, ಗಿಟಾರ್ ಮುಟ್ಟಲಿಲ್ಲ. ಪಿಜಿಯ ಅದೇ ಹುಡುಗ ಬಂದು ಸಮಾಧಾನ ಹೇಳಿದ. ಅಂಕಲ್, ಕಾಸು ಕೊಟ್ಟರೆ ಚಂದಾದಾರರು ಸಿಗುತ್ತಾರೆ, ಒಂದೇ ದಿನದಲ್ಲಿ ಸಾವಿರ ಮಾಡಿಸಿಕೊಡುತ್ತೇನೆ ಎಂದ. ಬಾಡಿಗೆ ನೆಂಟರು ಬೇಡಪ್ಪ ಎಂದು ಚಿಕ್ಕಪ್ಪ ಅವನನ್ನು ಕಳುಹಿಸಿದ. ಬಾಡಿಗೆಯ ಅನ್ನ ತಿನ್ನುವ ಮನೆಯಲ್ಲಿ ಇಂಥ ಮಾತು ಹುಟ್ಟಿದ್ದು ಅಪ್ಪನಿಗೆ ತಿಳಿಯದಿದ್ದುದು ಒಳ್ಳೆಯದೇ ಆಯಿತು.

ಸಾವಿರ ಆಗದಿದ್ದರೆ ಏನು ಮುಳುಗಿಹೋಗುತ್ತದೆ, ನಿನ್ನ ಸಾಮಾನಿಗೆ ಟೆರೇಸಿನ ಮೇಲೆ ಶೀಟ್ ಹಾಕಿಸೋಣ ಎಂದೆ. ಅವನು ಗಿಟಾರಿನ ತುಂಡು ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

“ರೂಮ್ ಓಗ್ಲಿ ಬುಡು,” ಎಂದ. “ಮದ್ವೆ, ನಾಮಕರಣ, ಗೃಹಪ್ರವೇಶ, ಎಲ್ಲಾರ್ ಮನೇಗೂ ಮುಯ್ಯಿ ಹಾಕ್ಕಂಡ್ ಬಂದಿದೀನಿ. ನಮ್ ಮನೇಲಿ ಒಂದ್ ಕಾರ್ಯ ಅಂತ ಆಗ್ಲಿಲ್ಲ. ಒಂದ್ಸಲ ಜನ ನಮ್ ಮನೇಗ್ ಬರ್ಲಿ ಅಂತ, ಅಷ್ಟೇಯ.”

ನಾನು ಶೀಟಿನ ಮಾತನ್ನು ಅಲ್ಲಿಗೇ ಬಿಟ್ಟೆ.

ಯುಗಾದಿಗೆ ಮೂರು ವಾರವಿರುವಾಗ ಆನೇಕಲ್ಲಿನ ಛತ್ರವೊಂದರಲ್ಲಿ ನಮ್ಮ ದಾಯಾದಿಗಳ ಮನೆಯ ಮದುವೆ. ಫೋನಿನ ನೆಂಟರು ಕೈಕೊಟ್ಟ ಮೇಲೆ ಚಿಕ್ಕಪ್ಪನಿಗೆ ಹೊರಗಿನ ನೆಂಟರು ನೆನಪಾದರು. ಛತ್ರದಲ್ಲಿ ಮುಯ್ಯಿ ಹಾಕಿ, ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರಿಗೆ ನಾಚಿಕೊಂಡು ಹೇಳಿದ: “ಮಾವ, ನಮ್ ಮನೇಲೂ ಒಂದ್ ಚಿಕ್ ಕಾರ್ಯ ಐತೆ. ತೋರುಸ್ತೀನಿ, ಊಟ ಆಗ್ಲಿ.”

ಮದುವೆಯಾಗಿ ಇಪ್ಪತ್ತು ವರ್ಷವಾದ ಮಕ್ಕಳಿಲ್ಲದ ಮನುಷ್ಯ, ನಾಚಿಕೊಂಡು, ಮನೆಯಲ್ಲಿ ಚಿಕ್ಕ ಕಾರ್ಯವಿದೆ ಎಂದರೆ ಜನ ಏನೆಂದುಕೊಳ್ಳಬೇಕು? ಎಲೆಗೆ ಪಲ್ಯ ಬೀಳುವ ಹೊತ್ತಿಗೆ ಸುದ್ದಿ ಗಂಡಸರ ಪಂಕ್ತಿಯನ್ನು ದಾಟಿತು. ಪಾಯಸ ಬರುವ ಹೊತ್ತಿಗೆ ಹೆಂಗಸರ ಪಂಕ್ತಿಯನ್ನು ಮುಟ್ಟಿತು. ಚಿಕ್ಕಮ್ಮ ಕೈತೊಳೆದುಕೊಂಡು ಬರುವಷ್ಟರಲ್ಲಿ ನಾಲ್ಕೈದು ಜನ ಅವಳನ್ನು ಸುತ್ತುವರಿದರು. ಒಬ್ಬಳು ಮುಡಿಯಲ್ಲಿದ್ದ ಹೂವನ್ನೇ ತೆಗೆದು ಅವಳಿಗೆ ಮುಡಿಸಿದಳು. ಬಾಗಿದ ಬೆನ್ನಿನ ಒಬ್ಬ ಅಜ್ಜಿ ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೇಳಿತು:

“ಎಷ್ಟ್ ತಿಂಗ್ಳವ್ವ?”

ಚಿಕ್ಕಮ್ಮನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅಷ್ಟರಲ್ಲಿ ಚಿಕ್ಕಪ್ಪ ಫೋನ್ ಹಿಡಿದುಕೊಂಡು ನಗುಮುಖದಿಂದ ಅಲ್ಲಿಗೇ ಬಂದ, ಚಾನೆಲ್ ತೆರೆದು ತೋರಿಸಲು. ಟಿಂಗ್ ಟಿಂಗ್ ಎಂದಿತು. ಯಾರೂ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಎಲ್ಲರೂ ತಮ್ಮ ತಮ್ಮ ಫೋನ್ ತೆಗೆದರು. “ಪಾಪ, ಮಕ್ಳು ಮರಿ ಇಲ್ಲ, ಒಂದ್ ಒತ್ತು ಬುಡು ಅತ್ಲಾಗೆ” ಎಂದು ಯಾರೋ ಯಾರಿಗೋ ಹೇಳಿದ್ದು ನನಗೂ ಕೇಳಿಸಿತು, ಚಿಕ್ಕಮ್ಮನಿಗೂ ಕೇಳಿಸಿತು. ಹೂ ಮುಡಿಸಿದವಳು ಅದನ್ನು ವಾಪಸ್ ಕೇಳಲಿಲ್ಲ ಎನ್ನುವುದಷ್ಟೇ ಅವಳ ದೊಡ್ಡತನ.

ನನ್ನ ಎಣಿಕೆಗೆ ಅಂದು ಸುಗ್ಗಿ. ಒಂದೇ ಮಧ್ಯಾಹ್ನದಲ್ಲಿ ಇನ್ನೂರು ದಾಟಿತು. ಚಿಕ್ಕಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬೊಬ್ಬರ ಹೆಸರು ಹೇಳಿ, ಅವರ ಮನೆಯ ಯಾವ ಕಾರ್ಯಕ್ಕೆ ತಾನು ಹೋಗಿದ್ದೆ ಎಂದು ನೆನಪಿಸಿಕೊಂಡ. ಚಿಕ್ಕಮ್ಮ ಕಿಟಕಿಯ ಕಡೆ ಮುಖ ಮಾಡಿದ್ದವಳು ತಿರುಗಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಇನ್ನೂರರಲ್ಲಿ ಮುಕ್ಕಾಲು ಪಾಲು ಮಾಯ. ಒತ್ತಿದ್ದನ್ನು ಬಿಡಿಸಿಕೊಂಡಿದ್ದರು. ನಮ್ಮ ಜನ ಮುಯ್ಯಿ ಹಾಕಿ ಮಾರನೆಯ ದಿನ ಬಂದು ಎತ್ತಿಕೊಂಡು ಹೋದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಇದನ್ನು ಚಿಕ್ಕಪ್ಪನಿಗೆ ಹೇಳಲೋ ಬೇಡವೋ ಎಂದು ನಾನು ನಿಂತಿದ್ದೆ. ಚಿಕ್ಕಮ್ಮನೇ ಬಾಯಿಬಿಟ್ಟಳು.

“ಯುಗಾದಿ ಗಂಟ ಕಾಯೋದ್ ಬ್ಯಾಡ. ಇವತ್ತೇ ರೂಮ್ ಖಾಲಿ ಮಾಡಿ.”

“ಇನ್ನೂ ಮೂರ್ ವಾರ ಐತಲ್ಲ,” ಎಂದ ಚಿಕ್ಕಪ್ಪ.

“ಅಯ್ಯೋ ಪಾಪ ಅಂತ ಹಾಕೋದು ಮುಯ್ಯಿ ಅಲ್ಲ ಕಣ್ರೀ, ಭಿಕ್ಷೆ. ನಂಗ್ ಬ್ಯಾಡ ಅದು.”

ಚಿಕ್ಕಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಫೋನಿಲ್ಲದೆ ಅವನು ಒಬ್ಬರನ್ನು ಅಷ್ಟು ಹೊತ್ತು ನೋಡಿದ್ದು ನಾನು ಕಂಡಂತೆ ಅದೇ ಮೊದಲು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದ.

ಸಂಜೆಯೊಳಗೆ ರೂಮು ಬರಿದಾಯಿತು. ಟಿವಿ, ಗೇಮು ಎಲ್ಲ ಗುಜರಿಗೆ ಹೋದವು. ಗೇಮುಗಳನ್ನು ಮಾರಿದ್ದ ಅಂಗಡಿಯವನೇ ಬಂದು ತೂಕ ಹಾಕಿಕೊಂಡು ಹೋದ. ಗಿಟಾರುಗಳನ್ನು ಹೊಸದಾಗಿ ಸೇರಿದ ಪಿಜಿ ಹುಡುಗರು ತಲೆಗೊಂದರಂತೆ ಒಯ್ದರು. ಎಲ್ಲವೂ ಮೋಟರಿನ ಶ್ರುತಿಯಲ್ಲಿವೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಅಪ್ಪ ಪಾರ್ಸೆಲ್ ಕಂಪನಿಯವರಿಗೆ ಫೋನ್ ಮಾಡಿ, ಬಣ್ಣ ಹೊಡೆಸುವ ಖರ್ಚು ಯಾರದು ಎಂದು ಚೌಕಾಸಿಗಿಳಿದ. ಒಂದೇ ಒಂದು ಗಿಟಾರ್ ಉಳಿಯಿತು. ಚಿಕ್ಕದು, ಮಕ್ಕಳ ಅಳತೆಯದು, ಯಾವ ಹುಡುಗನಿಗೂ ಬೇಡವಾದದ್ದು. ಅದನ್ನೂ ಗುಜರಿಗೆ ಹಾಕಬೇಕೆಂದು ಹುಡುಕಿದರೆ ಕಾಣಲಿಲ್ಲ.

ಕೊನೆಗೆ ಚಿಕ್ಕಪ್ಪನ ಹಿಂದೆ ನಾನೂ ಅವರ ಮಲಗುವ ಕೋಣೆಗೆ ಹೋದೆ. ಮನೆ ಕಟ್ಟಿಸಿದಾಗ ನಮ್ಮ ಅಜ್ಜಿ ಆ ಕೋಣೆಯ ಚಾವಣಿಯ ಮೋಲ್ಡಿಗೆ ಒಂದು ಕಬ್ಬಿಣದ ಕೊಂಡಿ ಇಡಿಸಿದ್ದಳು, ತೊಟ್ಟಿಲು ಕಟ್ಟುವುದಕ್ಕೆ. ಇಷ್ಟು ವರ್ಷ ಸುಣ್ಣ ಬಣ್ಣ ಬಳಿದವರು ಅದರ ಸುತ್ತ ಬಳಿದುಕೊಂಡು ಹೋಗಿದ್ದರು. ಚಿಕ್ಕಮ್ಮ ಸ್ಟೂಲಿನಿಂದ ಇಳಿಯುತ್ತಿದ್ದಳು. ತನ್ನ ಹಳೆಯ ನೂಲಿನ ಸೀರೆಯನ್ನು ಆ ಕೊಂಡಿಗೆ ಜೋಲಿ ಕಟ್ಟಿದ್ದಳು. ಅದರೊಳಗೆ ಗಿಟಾರ್ ಮಲಗಿತ್ತು, ಕತ್ತಿನ ಭಾಗ ಮಾತ್ರ ಹೊರಗೆ.

“ಕೆಳಗಿಟ್ರೆ ಗೆದ್ದಲು ಹತ್ತುತ್ತೆ,” ಎಂದಳು, ನಮ್ಮಿಬ್ಬರಲ್ಲಿ ಯಾರನ್ನೂ ನೋಡದೆ.

ಚಿಕ್ಕಪ್ಪ ಹತ್ತಿರ ಹೋದ. ಸೀರೆಯ ಅಂಚು ಹಿಡಿದು, ತೂಗಬೇಕೋ ಬಿಡಬೇಕೋ ತಿಳಿಯದೆ ನಿಂತ. ಒಳಗೆ ಯಾವುದೋ ತಂತಿ ಬಟ್ಟೆಗೆ ತಾಗಿ ಸಣ್ಣಗೆ ಮಿಡಿಯಿತು.

“ಮೆಲ್ಲುಕೆ,” ಎಂದಳು ಚಿಕ್ಕಮ್ಮ.